ದೆವ್ವವಿಲ್ಲದ ದಿಗಿಲು: ಎರಡು ಓದು

ದಕ್ಷಿಣ ಕೊರಿಯಾದ ಲೇಖಕಿ ಹಾನ್ ಕಾಂಗ್ ಅವರ ಕಾದಂಬರಿ ‘ದಿ ವೆಜಿಟೇರಿಯನ್’ ಇಂಗ್ಲಿಷಿಗೆ ಬಂದದ್ದು 2015ರಲ್ಲಿ. ಕನಸು ಬಿದ್ದದ್ದೇ ನೆಪ, ಹೆಂಡತಿ ಫ್ರಿಜ್ಜಿನ ಮಾಂಸವನ್ನೆಲ್ಲ ಕಸದ ಚೀಲಕ್ಕೆ ತುಂಬುತ್ತಾಳೆ. ಮೀನಿಲ್ಲದೆ ಊಟ ಇಳಿಯದ ಮಂಗಳೂರಿನ ಮನೆಗಳಿಗೆ ಆ ಅಡುಗೆಮನೆಯ ದಿಗಿಲು ಬೇಗ ತಟ್ಟೀತು. ಮೂರು ಭಾಗ, ಗಂಡ, ಭಾವ, ಅಕ್ಕ ಹೀಗೆ ಮೂವರ ಕಣ್ಣಲ್ಲಿ. ಆ ಹೆಂಡತಿಯದೇ ದನಿ ಮೊದಲ ಭಾಗದ ಕನಸಿನ ತುಣುಕುಗಳಲ್ಲಿ ಮಾತ್ರ, ಹಾರಿಸಬೇಡಿ. ಗಂಡನ ನೀರಸ ಮಾತಿಗೆ ಬೇಸತ್ತು ಕೈಬಿಟ್ಟರೆ ನಷ್ಟ. ಆ ನೀರಸತನವೇ ಬಲೆ. ಎರಡನೇ ಭಾಗ ಮಕ್ಕಳ ಕೈಗೆ ಬೇಡ.

ಅಮೆರಿಕದ ಲೇಖಕಿ ಶರ್ಲಿ ಜಾಕ್ಸನ್ ಅವರ ಸಣ್ಣಕಥೆ ‘ದಿ ಲಾಟರಿ’ (1948) ಚಿಕ್ಕದು. ಮಂಗಳೂರಲ್ಲಿ ಉಡುಪಿ ಬಸ್ಸು ಹತ್ತಿ ತೆರೆದರೆ ಸುರತ್ಕಲ್ ಬರುವಷ್ಟರಲ್ಲಿ ಮುಗಿದಿರುತ್ತದೆ. ಎರಡನೇ ಪ್ಯಾರಾದಲ್ಲೇ ಹುಡುಗನೊಬ್ಬ ಜೇಬಿಗೆ ಕಲ್ಲು ತುಂಬಿಕೊಂಡಿದ್ದಾನೆ, ನೋಡಿಕೊಳ್ಳಿ. ಪುಸ್ತಕದಲ್ಲಿ ಮುನ್ನುಡಿ ಇದ್ದರೆ ಅದನ್ನು ಮಾತ್ರ ಕಥೆಯಾದ ಮೇಲೆ ಓದಿ. ಗುಟ್ಟು ಅಲ್ಲೇ ರಟ್ಟಾಗುವುದುಂಟು.