ಪ್ರಶ್ನೆ ಕೇಳೋದರಲ್ಲಿ ಜಾಣ, ಮಾತು ಕೇಳಿಸಿಕೊಳ್ಳೋದರಲ್ಲಿ ಮಂದ

ನರ್ಸರಿ ಮಕ್ಕಳ ಮಾತಿನ ಬೆಳವಣಿಗೆ ನೋಡಲು ನಮ್ಮ ತರಗತಿಯ ಟ್ಯಾಬ್‌ನಲ್ಲಿ ಒಂದು ಸ್ಕ್ರೀನಿಂಗ್ ಆ್ಯಪ್ ಇದೆ. ಹೋದ ವರ್ಷದ ಮಕ್ಕಳಿಗೂ ಇದನ್ನೇ ಬಳಸಿದ್ದೆ, ಈಗಿನವರಿಗೂ ಇದೇ.

ಅಪ್ಪ ಅಮ್ಮಂದಿರಿಗೆ ಕೇಳುವ ಪ್ರಶ್ನೆಗಳು ನಿಜಕ್ಕೂ ಚೆನ್ನಾಗಿವೆ. ‘ಮಗು ಚೆನ್ನಾಗಿ ಮಾತಾಡುತ್ತಾ?’ ಅಂತ ನಾವು ಕೇಳಿದರೆ ಎಲ್ಲರೂ ಸುಮ್ನೆ ‘ಹೂಂ’ ಅಂದುಬಿಡುತ್ತಾರೆ. ಆ್ಯಪ್ ಹಾಗೆ ಕೇಳುವುದಿಲ್ಲ. ಎರಡು ಪದ ಸೇರಿಸಿ ಹೇಳುತ್ತಾ? ಬೆರಳು ತೋರಿಸದೆ ಬರೀ ಬಾಯಲ್ಲಿ ಹೇಳಿದರೆ ಚೆಂಡು ತಂದುಕೊಡುತ್ತಾ? ಹೀಗೆ ಬಿಡಿಬಿಡಿಯಾಗಿ ಕೇಳಿದಾಗ ಅವರೂ ಯೋಚನೆ ಮಾಡಿ ಉತ್ತರ ಕೊಡುತ್ತಾರೆ.

ತಲೆನೋವು ಶುರುವಾಗುವುದು ಚಿತ್ರ ತೋರಿಸಿ ಹೆಸರು ಹೇಳಿಸುವಾಗ. ಮೂರು ವರ್ಷದ ಒಬ್ಬಳು ಕಪ್ಪೆ ನೋಡಿ ‘ತಪ್ಪೆ’ ಅಂದಳು, ಎದ್ದು ಕುಪ್ಪಳಿಸಿಯೂ ತೋರಿಸಿದಳು. ಆ್ಯಪ್ ‘ಪದ ಗೊತ್ತಿಲ್ಲ’ ಅಂತ ಸೊನ್ನೆ ಕೊಟ್ಟಿತು! ಆ ವಯಸ್ಸಿನಲ್ಲಿ ‘ಕ’ ಇರುವ ಕಡೆ ‘ತ’ ಬರುವುದು ಮಾಮೂಲು. ಉಚ್ಚಾರಣೆ ಬೇರೆ, ಪದ ಗೊತ್ತಿರುವುದು ಬೇರೆ ಅಲ್ವಾ? ಇಂಥ ಸಾಫ್ಟ್‌ವೇರ್ ಹೆಚ್ಚಾಗಿ ದೊಡ್ಡವರ ದನಿ ಕೇಳಿ ಕಲಿತದ್ದು, ಪುಟ್ಟ ಮಕ್ಕಳ ಮಾತು ಅದಕ್ಕೆ ಹಿಡಿಯುವುದಿಲ್ಲ. ಈಗ ನಾನು ಮೈಕ್ ಆಫ್ ಮಾಡಿ, ಕೇಳಿಸಿಕೊಂಡು, ನಾನೇ ಅಂಕ ಒತ್ತುತ್ತೇನೆ. ಆ ಆಯ್ಕೆಯನ್ನು ಸೆಟ್ಟಿಂಗ್ಸ್‌ನ ಎಲ್ಲೋ ಮೂಲೆಯಲ್ಲಿ ಬಚ್ಚಿಟ್ಟಿದ್ದಾರೆ.

ಮನೆಯಲ್ಲಿ ಎರಡು ಭಾಷೆ ಆಡುವ ಮಕ್ಕಳಿಗಂತೂ ಅನ್ಯಾಯ. ಅವರಿಗೆ ಎರಡೂ ಭಾಷೆಯ ಪದಗಳನ್ನು ಸೇರಿಸಿ ಎಣಿಸಬೇಕು. ಇದು ಒಂದನ್ನೇ ಎಣಿಸಿ ಕೆಂಪು ಗುರುತು ಹಾಕುತ್ತದೆ. ಕೆಂಪು ಕಂಡರೆ ಮನೆಯವರ ಎದೆ ಧಸಕ್ಕೆನ್ನುತ್ತದೆ. ಸ್ಕ್ರೀನಿಂಗ್ ಅಂದರೆ ಇನ್ನೊಮ್ಮೆ ಸರಿಯಾಗಿ ನೋಡಿಸಿ ಅನ್ನುವ ಸೂಚನೆ ಅಷ್ಟೇ, ಮಗುವಿಗೆ ತೊಂದರೆ ಇದೆ ಅನ್ನುವ ತೀರ್ಪಲ್ಲ. ಮಾತು ತಡ ಅನ್ನಿಸಿದರೆ ಮೊದಲು ಕಿವಿ ಪರೀಕ್ಷೆ ಆಗಬೇಕು. ನೆಗಡಿಯಾದ ಮೇಲೆ ಕಿವಿಯ ಒಳಗೆ ದ್ರವ ನಿಂತರೂ ಮಗುವಿಗೆ ಮಂದವಾಗಿ ಕೇಳುತ್ತದೆ. ಇಷ್ಟು ಮುಖ್ಯವಾದ ಮಾತಿಗೆ ವರದಿಯಲ್ಲಿ ಒಂದು ಸಾಲೂ ಇಲ್ಲ.

ಜೊತೆಗೆ ಬರುವ ಕಲಿಕೆಯ ಆಟಗಳು ಅಷ್ಟಕ್ಕಷ್ಟೇ. ಸರಿ ಉತ್ತರಕ್ಕೆ ಬಲೂನು ಹಾರುತ್ತದೆ. ಮಕ್ಕಳು ಬಲೂನಿನ ಆಸೆಗೆ ನಾಲ್ಕೂ ಚಿತ್ರ ಪಟಪಟ ಒತ್ತುತ್ತಾರೆ, ಕೊನೆಯಲ್ಲಿ ನೂರಕ್ಕೆ ನೂರು! ಕಥೆ ಓದುವ ಭಾಗ ಮಾತ್ರ ಪರವಾಗಿಲ್ಲ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ನಡುನಡುವೆ ನಿಲ್ಲಿಸಿ ಮಾತಾಡಿಸಬಹುದು.

ಆದರೂ ಇದನ್ನು ಬಿಟ್ಟಿಲ್ಲ. ಒಂದೊಂದು ಮಗುವಿನ ಹಳೆಯ ಉತ್ತರಗಳೆಲ್ಲ ತಾರೀಖಿನ ಸಮೇತ ಪಿಡಿಎಫ್ ಆಗಿ ಸಿಗುತ್ತವೆ. ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋಗುವವರ ಕೈಗೆ ಅದನ್ನೇ ಕೊಟ್ಟು ಕಳಿಸುತ್ತೇನೆ, ಕೆಂಪು ಹಸಿರಿನ ಪುಟ ತೆಗೆದುಬಿಟ್ಟು. ಐದಕ್ಕೆ ಮೂರು ಸ್ಟಾರ್.