ನಾಲ್ಕು ತಂತಿ, ಎರಡು ನಾಬ್: ದಾವಣಗೆರೆ ಆರ್ಕೆಸ್ಟ್ರಾದಲ್ಲಿ ಐದು ವರ್ಷ ದುಡಿದ ಬೇಸ್ ಗಿಟಾರ್

ಇದು ಇಪ್ಪತ್ತು ಸಾವಿರ ರೂಪಾಯಿಯೊಳಗಿನ ಪಿ ಮಾದರಿ (ಫೆಂಡರ್ ಕಂಪನಿಯ ಪ್ರಿಸಿಶನ್ ಬೇಸ್ ಅನುಸರಿಸಿದ) ಬೇಸ್ ಗಿಟಾರಿನ ವಿಮರ್ಶೆ. ಕಂಪನಿಯ ಹೆಸರು ಬೇಕಾಗಿಲ್ಲ, ಈ ಬೆಲೆಯ ಪಿ ಬೇಸ್‌ಗಳು ಬಹುಪಾಲು ಒಂದೇ ತಾಯಿಯ ಮಕ್ಕಳು: ಬಾಸ್‌ವುಡ್ ಬಾಡಿ, ಮೇಪಲ್ ನೆಕ್, 20 ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ), 34 ಇಂಚಿನ ಸ್ಕೇಲ್ (ತಂತಿ ಮಿಡಿಯುವ ಉದ್ದ), ಎರಡು ತುಂಡಾಗಿ ಕೂತ ಒಂದು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ), ಒಂದು ವಾಲ್ಯೂಮ್, ಒಂದು ಟೋನ್. ಬ್ಯಾಟರಿ ಇಲ್ಲ. ಐದು ವರ್ಷ ದಾವಣಗೆರೆ, ಚಿತ್ರದುರ್ಗ, ಹರಿಹರದ ಕಡೆಯ ಗಣೇಶೋತ್ಸವ, ಮದುವೆ, ಜಾತ್ರೆಯ ವೇದಿಕೆಗಳಲ್ಲಿ ಬಳಕೆಯಾಗಿದೆ. ಕೊಳ್ಳಬಹುದೇ ಅಂದರೆ ಕೊಳ್ಳಬಹುದು. ಆದರೆ ಪೆಟ್ಟಿಗೆಯಿಂದ ತೆಗೆದು ನೇರ ವೇದಿಕೆ ಹತ್ತಿಸುವಂಥದ್ದಲ್ಲ.

ಮೊದಲು ಸೆಟಪ್. ಕಾರ್ಖಾನೆಯಿಂದ ಬಂದಾಗ ತಂತಿಗಳು ಎತ್ತರದಲ್ಲಿದ್ದವು, ನಟ್‌ನ (ನೆಕ್‌ನ ತಲೆಯ ಕಡೆ ತಂತಿಗಳು ಕೂರುವ ಪಟ್ಟಿ) ತೋಡುಗಳೂ ಆಳ ಸಾಲದೆ ಇದ್ದವು. ನಟ್ ಎತ್ತರ ಇದ್ದರೆ ಮೊದಲ ಫ್ರೆಟ್ ಒತ್ತುವಾಗ ತಂತಿ ಹೆಚ್ಚು ಎಳೆದು ಸ್ವರ ಏರುತ್ತದೆ. ಖಾಲಿ ತಂತಿ ಶ್ರುತಿಯಲ್ಲಿದ್ದರೂ ಎಫ್ ಮಾತ್ರ ಕರ್ಕಶ ಅನಿಸಿದರೆ ದೋಷ ಕೈಯದ್ದಲ್ಲ, ನಟ್‌ನದು. ಪರೀಕ್ಷೆ ಸುಲಭ: ಮೂರನೇ ಫ್ರೆಟ್ ಒತ್ತಿ ಹಿಡಿದು, ಮೊದಲ ಫ್ರೆಟ್ ಮೇಲೆ ತಂತಿ ಎಷ್ಟು ಎತ್ತರದಲ್ಲಿದೆ ನೋಡಿ. ಒಂದು ಹಾಳೆ ಕಾಗದ ತೂರುವಷ್ಟು ಸಂದು ಸಾಕು. ಅದಕ್ಕಿಂತ ಹೆಚ್ಚಿದ್ದರೆ ತೋಡನ್ನು ಸ್ವಲ್ಪ ಸ್ವಲ್ಪವೇ ಅರದಿಂದ ಇಳಿಸಬೇಕು. ಜಾಸ್ತಿ ಇಳಿದರೆ ಖಾಲಿ ತಂತಿ ಝೇಂಕರಿಸುತ್ತದೆ, ಆಮೇಲೆ ನಟ್ ಬದಲಿಸುವುದೇ ದಾರಿ. ಅಭ್ಯಾಸ ಇಲ್ಲದವರು ಈ ಒಂದು ಕೆಲಸವನ್ನು ಬಲ್ಲವರಿಗೇ ಬಿಡುವುದು ಕ್ಷೇಮ.

ನೆಕ್‌ನ ಬಾಗು ಅಳೆಯಲು ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿದು, ಏಳು-ಎಂಟನೇ ಫ್ರೆಟ್ ಹತ್ತಿರ ಸಂದು ನೋಡಬೇಕು. ಸುಮಾರು 0.3 ಮಿ.ಮೀ. ಇರಲಿ, ಒಂದು ವಿಸಿಟಿಂಗ್ ಕಾರ್ಡ್ ತಡೆಯದೆ ಹೋಗುವಷ್ಟು. ಸಂದು ಹೆಚ್ಚಿದ್ದರೆ ಟ್ರಸ್ ರಾಡನ್ನು (ನೆಕ್ ಒಳಗೆ ಬಾಗು ಸರಿಪಡಿಸಲು ಇರುವ ಸರಳು) ಗಡಿಯಾರದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ, ಮತ್ತೆ ಶ್ರುತಿ ಮಾಡಿ, ಅರ್ಧ ದಿನ ಬಿಟ್ಟು ನೋಡಿ. ಒಂದೇ ಸಲಕ್ಕೆ ಪೂರ್ತಿ ಸುತ್ತು ತಿರುಗಿಸಿ ರಾಡ್ ಮುರಿದುಕೊಂಡವರು ಊರೂರಲ್ಲೂ ಸಿಗುತ್ತಾರೆ. ಆಮೇಲೆ ಹನ್ನೆರಡನೇ ಫ್ರೆಟ್ ಮೇಲೆ ತಂತಿಯ ಎತ್ತರ: ಎಲ್ಲಕ್ಕಿಂತ ದಪ್ಪದ ಇ ತಂತಿಗೆ 2.4 ಮಿ.ಮೀ., ಎಲ್ಲಕ್ಕಿಂತ ತೆಳುವಾದ ಜಿ ತಂತಿಗೆ 2 ಮಿ.ಮೀ. ಇದಕ್ಕಿಂತ ಇಳಿಸಿದರೆ ಮನೆಯಲ್ಲಿ ಸುಖ. ವೇದಿಕೆಯಲ್ಲಿ ಕೈ ಬಿರುಸಾದ ಕೂಡಲೇ ತಂತಿ ಫ್ರೆಟ್‌ಗೆ ಬಡಿದು ಕಟಕಟ ಅನ್ನುತ್ತದೆ. ಇಂಟೊನೇಶನ್ (ಎಲ್ಲ ಫ್ರೆಟ್‌ನಲ್ಲೂ ಶ್ರುತಿ ಕೂಡುವುದು) ಕೊನೆಗೆ: ಹನ್ನೆರಡನೇ ಫ್ರೆಟ್‌ನ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಮುಟ್ಟಿ ಮೀಟಿದ ಸ್ವರ), ಅದೇ ಫ್ರೆಟ್ ಒತ್ತಿದ ಸ್ವರ ಎರಡೂ ಒಂದಾಗಬೇಕು. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ (ಬಾಡಿಯ ಕಡೆಯ ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು) ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.

ನಮ್ಮ ಕಡೆಯ ಹವೆಗೆ ಮರ ಸುಮ್ಮನೆ ಕೂರುವುದಿಲ್ಲ. ಮಾರ್ಚ್‌ನಿಂದ ಮೇವರೆಗಿನ ಒಣ ಬಿಸಿಲಿಗೆ ಫಿಂಗರ್‌ಬೋರ್ಡ್ ಅಗಲದಲ್ಲಿ ಕುಗ್ಗುತ್ತದೆ, ಲೋಹದ ಫ್ರೆಟ್ ಕುಗ್ಗುವುದಿಲ್ಲ. ಹಾಗಾಗಿ ಫ್ರೆಟ್ ತುದಿಗಳು ಹೊರಗೆ ಇಣುಕಿ ಎಡಗೈಯನ್ನು ಗೀರುತ್ತವೆ. ಎರಡನೇ ಬೇಸಿಗೆಯಲ್ಲಿ ಈ ಬೇಸ್‌ಗೂ ಹಾಗಾಯಿತು. ಅಂಚಿಗೆ ಟೇಪ್ ಅಂಟಿಸಿ, ಸಣ್ಣ ಅರದಿಂದ ತುದಿ ತೀಡಿ, ಬೋರ್ಡ್‌ಗೆ ಲೆಮನ್ ಆಯಿಲ್ ಸವರಿದ ಮೇಲೆ ಮತ್ತೆ ತೊಂದರೆ ಇಲ್ಲ. ಮಳೆಗಾಲ ಶುರುವಾದಾಗ, ಬೇಸಿಗೆ ಹತ್ತಿದಾಗ, ವರ್ಷಕ್ಕೆ ಎರಡು ಸಲ ನೆಕ್ ಅಳೆಯಲೇಬೇಕು. ಯಾವ ದಿಕ್ಕಿಗೆ ಬಾಗುತ್ತದೆ ಎಂಬುದು ಆಯಾ ನೆಕ್‌ನ ಸ್ವಭಾವ. ಚಿತ್ರದುರ್ಗದ ಮಧ್ಯಾಹ್ನದಲ್ಲಿ ಬಾಗಿಲು ಹಾಕಿದ ವ್ಯಾನಿನೊಳಗೆ ಬೇಸ್ ಬಿಟ್ಟು ಊಟಕ್ಕೆ ಹೋದರೆ ಮಾತ್ರ ಯಾವ ಸೆಟಪ್ಪೂ ಉಳಿಯುವುದಿಲ್ಲ.

ತಂತಿಯ ವಿಷಯಕ್ಕೆ ಬರೋಣ, ಈ ಬೇಸ್‌ನ ನಸೀಬು ಬದಲಾದದ್ದೇ ಇಲ್ಲಿ. ಜೊತೆಗೆ ಬಂದ 45-65-85-105 ಅಳತೆಯ (ಇಂಚಿನ ಸಾವಿರದ ಭಾಗದಲ್ಲಿ ದಪ್ಪ) ರೌಂಡ್‌ವೌಂಡ್, ಅಂದರೆ ಮೇಲೆ ದುಂಡು ಎಳೆ ಸುತ್ತಿದ ತಂತಿಗಳು ಬೆವರು, ಧೂಳಿಗೆ ಎರಡು ತಿಂಗಳಲ್ಲಿ ಸತ್ತುಹೋದವು. ಸುರುಳಿಗಳ ಸಂದಿಯಲ್ಲಿ ಕೊಳೆ ಕೂತು ನಾದ ಮಂದವಾಗುತ್ತದೆ. ಕುದಿಸಿದರೆ ಕೆಲವು ದಿನ ಜೀವ ಬರುತ್ತದೆ, ಅಷ್ಟೇ. ಆಮೇಲೆ ಹಾಕಿದ ಫ್ಲಾಟ್‌ವೌಂಡ್ (ಚಪ್ಪಟೆ ಎಳೆ ಸುತ್ತಿದ) ತಂತಿ ನಾಲ್ಕು ವರ್ಷದಿಂದ ಅದೇ ಇದೆ. ಬೆಲೆ ದುಪ್ಪಟ್ಟಿನ ಆಸುಪಾಸು, ಬೆಂಗಳೂರಿನಿಂದ ಬಸ್ ಪಾರ್ಸೆಲ್‌ನಲ್ಲಿ ತರಿಸಬೇಕು, ಬಿಗಿತ ಹೆಚ್ಚಾದ್ದರಿಂದ ಟ್ರಸ್ ರಾಡ್ ಮತ್ತೆ ಸರಿಮಾಡಬೇಕು. ಆದರೂ ಲಾಭವೇ. ಮೇಲ್ಮೈ ನುಣುಪು, ಬೆರಳು ಜಾರುವ ಕಿರಗುಟ್ಟುವಿಕೆ ಇಲ್ಲ, ನಾದ ದುಂಡಗೆ, ಚಿಕ್ಕದಾಗಿ ಮುಗಿಯುತ್ತದೆ. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. (ಕಾರ್ಯಕ್ರಮಕ್ಕೆ ಮುಂಚೆ ಬೆಣ್ಣೆ ದೋಸೆಯೋ ಮಿರ್ಚಿ ಮಂಡಕ್ಕಿಯೋ ಆಗಿದ್ದರೆ ಸೋಪು ಹಚ್ಚಿ ಕೈ ತೊಳೆಯಿರಿ. ಎಣ್ಣೆ ಕೈಗೆ ಫ್ಲಾಟ್‌ವೌಂಡ್ ಮೀನಿನಂತೆ ಜಾರುತ್ತದೆ.)

ಇದೇನೂ ಹೊಸ ಶೋಧವಲ್ಲ. ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಶನ್ ಬೇಸ್ ತಂದಾಗ ಅದಕ್ಕಿದ್ದದ್ದು ಫ್ಲಾಟ್‌ವೌಂಡ್ ತಂತಿಯೇ. ಅಮೆರಿಕದ ಮೋಟೌನ್ ಸ್ಟುಡಿಯೋದ ಬೇಸ್ ವಾದಕ ಜೇಮ್ಸ್ ಜೇಮರ್‌ಸನ್ 1962ರ ಪಿ ಬೇಸ್‌ಗೆ ದಪ್ಪ ಫ್ಲಾಟ್ ತಂತಿ ಹಾಕಿ, ತುಂಡಾಗುವವರೆಗೂ ಬದಲಿಸದೆ, ಬಲಗೈಯ ತೋರುಬೆರಳು ಒಂದರಲ್ಲೇ ನುಡಿಸುತ್ತಿದ್ದರು. ಅವರ ಬ್ರಿಡ್ಜ್ ಮುಚ್ಚಳದ ಒಳಗೆ ತಂತಿಗೆ ತಗಲುವ ಫೋಮ್ ಇರುತ್ತಿತ್ತು. ಅದೇ ಉಪಾಯ ನಮ್ಮಲ್ಲೂ ನಡೆಯುತ್ತದೆ: ಪಾತ್ರೆ ತೊಳೆಯುವ ಸ್ಪಂಜನ್ನು ಒಂದು ಸೆಂ.ಮೀ. ಅಗಲದ ಪಟ್ಟಿಯಾಗಿ ಕತ್ತರಿಸಿ ಬ್ರಿಡ್ಜ್ ಮುಂದೆ ತಂತಿಯ ಕೆಳಗೆ ತೂರಿಸಿ. ಒತ್ತಿ ಕೂರಬಾರದು, ಸುಮ್ಮನೆ ತಗಲಬೇಕು. ಒತ್ತಿದರೆ ಶ್ರುತಿ ಏರಿ, ಸ್ವರ ಬರೀ ಟಕ್ ಅನ್ನುತ್ತದೆ. ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರರ ಹಾಡಿಗೆ ಈ ಸ್ಪಂಜಿನ ಸದ್ದು ಹೇಳಿ ಮಾಡಿಸಿದ ಹಾಗಿರುತ್ತದೆ. ಹಾಡಿನಿಂದ ಹಾಡಿಗೆ ಸ್ಪಂಜು ತೆಗೆಯಲು ಹಾಕಲು ಹತ್ತು ಸೆಕೆಂಡ್ ಸಾಕು. ಅಮೆರಿಕದ ಬೇಸ್ ವಾದಕಿ ಕರೋಲ್ ಕೇ ಪಿಕ್‌ನಲ್ಲಿ (ತಂತಿ ಮೀಟುವ ಬಿಲ್ಲೆ) ನುಡಿಸುತ್ತ ತಂತಿ ಮೇಲೆ ಫೆಲ್ಟ್ ಬಟ್ಟೆ ಇಡುತ್ತಿದ್ದದ್ದೂ ಇದೇ ತರ್ಕದಿಂದ: ಸ್ವರ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಲಿ.

ಬೇಸ್ ನುಡಿಸುವವರು ಸ್ವರದ ಆರಂಭಕ್ಕೆ ಕೊಡುವ ಗಮನವನ್ನು ಅಂತ್ಯಕ್ಕೆ ಕೊಡುವುದಿಲ್ಲ. ಆರ್ಕೆಸ್ಟ್ರಾದಲ್ಲಿ ಗಲೀಜು ಹುಟ್ಟುವುದು ಅಲ್ಲೇ. ಎಂಟು ಮಾತ್ರೆಯ ಕಹರವಾ ತಾಳ ತೆಗೆದುಕೊಳ್ಳಿ: ಧಾ ಗೆ ನಾ ತಿ, ನಾ ಕ ಧಿ ನಾ. ಡಗ್ಗದ (ತಬಲಾ ಜೋಡಿಯ ಎಡಗೈ ವಾದ್ಯ) ತೆರೆದ ಪೆಟ್ಟು ಬೀಳುವುದು ಧಾ, ಗೆ, ಧಿಯಲ್ಲಿ. ಢೋಲಕ್‌ನವರು ಎರಡನೇ ಮಾತ್ರೆಯ ಗೆ ಮೇಲೆ ಮಣಿಕಟ್ಟು ಜಾರಿಸಿ ಸ್ವರ ಏರಿಸುತ್ತಾರೆ. ಬೇಸ್ ಅಲ್ಲೂ ಗುಡುಗುತ್ತಿದ್ದರೆ ಆ ಜಾರು ಯಾರಿಗೂ ಕೇಳುವುದಿಲ್ಲ. ಒಂದನೇ ಮಾತ್ರೆಯ ಸ ಹಿಡಿದು, ಎರಡನೆಯದು ಬೀಳುವ ಮುಂಚೆ ಎಡಗೈ ಸಡಿಲಿಸಿ ನಿಲ್ಲಿಸಿ. ಮಧ್ಯೆ ಏನೂ ಬೇಡ. ಏಳನೇ ಮಾತ್ರೆಗೆ ಒಂದು ಗಿಡ್ಡ ಪ. ಇಷ್ಟೇ ನುಡಿಸಿದರೆ ಹಾಡು ತಾನಾಗಿ ನಡೆಯುತ್ತದೆ. ಆಕ್ಟೋಪ್ಯಾಡ್ (ಎಲೆಕ್ಟ್ರಾನಿಕ್ ಡ್ರಮ್) ಇದ್ದರೆ ಅದರ ಕಿಕ್, ಅಂದರೆ ದೊಡ್ಡ ಡ್ರಮ್ಮಿನ ಪೆಟ್ಟು, ಎಲ್ಲಿದೆಯೋ ಅದಕ್ಕೆ ಅಂಟಿಕೊಳ್ಳಿ. ಕೀಬೋರ್ಡ್‌ನವರಿಗೆ ಎಡಗೈಯ ಬೇಸ್ ನಿಲ್ಲಿಸಲು ಮೊದಲೇ ಹೇಳಿಬಿಡಿ. ಎರಡು ಬೇಸ್ ಒಟ್ಟಿಗೆ ನಡೆದರೆ ಸಭೆಗೆ ಕೇಳುವುದು ಬರೀ ಗುಂಯ್ ಅನ್ನುವ ಸದ್ದು.

ಶ್ರುತಿಯ ಪ್ರಶ್ನೆ ಬೇರೆ. ಕೀಬೋರ್ಡಿಗೆ ಟ್ರಾನ್ಸ್‌ಪೋಸ್ ಗುಂಡಿ ಇದೆ, ಬೇಸ್‌ಗೆ ಇಲ್ಲ. ಗಾಯಕರು ಒಂದೂವರೆ ಅಂದರೆ ಸಿ ಶಾರ್ಪ್: ಎ ತಂತಿಯ ನಾಲ್ಕನೇ ಫ್ರೆಟ್. ಅದರ ಮಂದ್ರದ ಪ ಎಲ್ಲಿ? ಪಕ್ಕದ ದಪ್ಪ ತಂತಿಯ ಅದೇ ನಾಲ್ಕನೇ ಫ್ರೆಟ್. ಎಲ್ಲ ಶ್ರುತಿಗೂ ಇದೇ ಲೆಕ್ಕ. ಗಾಯಕಿ ಐದೂವರೆ ಕೇಳಿದರೆ ಜಿ ಶಾರ್ಪ್, ಇ ತಂತಿಯ ನಾಲ್ಕನೇ ಫ್ರೆಟ್. ಅದರ ಕೆಳಗೆ ತಂತಿಯೇ ಇಲ್ಲವಾದ್ದರಿಂದ ಮೇಲಿನ ಪ ಹಿಡಿಯಬೇಕು, ಅಂದರೆ ಎ ತಂತಿಯ ಆರನೇ ಫ್ರೆಟ್. ಇದಕ್ಕಾಗಿ ಐದು ತಂತಿಯ ಬೇಸ್ ಬೇಕೆನ್ನುವವರಿದ್ದಾರೆ. ಆದರೆ ಐದನೆಯ ಬಿ ತಂತಿಯ 31 ಹರ್ಟ್ಸ್ ನಮ್ಮ ಕಡೆ ಬಾಡಿಗೆಗೆ ಸಿಗುವ ಸ್ಪೀಕರ್ ಬಾಕ್ಸ್‌ಗಳಲ್ಲಿ ಸ್ವರವಾಗಿ ಹೊರಬರುವುದು ಕಷ್ಟ.

ವಚನ, ಭಾವಗೀತೆಗೆ ಹಾರ್ಮೋನಿಯಂ, ತಂಬೂರಿಯ ಜೊತೆ ನುಡಿಸುವಾಗ ಗಾಂಧಾರವನ್ನು ಬೇಸ್‌ನಲ್ಲಿ ಹಿಡಿದು ನಿಲ್ಲಿಸಬೇಡಿ. ಫ್ರೆಟ್ ಕೊಡುವ ಅಂತರ ಗಾಂಧಾರ ಶುದ್ಧ ಅನುಪಾತಕ್ಕಿಂತ ಸುಮಾರು 14 ಸೆಂಟ್ (ಅರ್ಧಸ್ವರದ ನೂರರಲ್ಲೊಂದು ಭಾಗ ಒಂದು ಸೆಂಟ್) ಮೇಲೆ. ಗಾಯಕರು ತಂಬೂರಿಗೆ ಹೊಂದಿಸಿ ಹಾಡಿದರೆ ಎರಡೂ ತಿಕ್ಕಾಡುತ್ತವೆ. ಸ, ಪ, ಮ ಸಾಕು. ಆಲಾಪದಲ್ಲಿ ಅದೂ ಬೇಡ.

ಕೈ ಬಗ್ಗೆ ಎರಡು ಮಾತು. ಮೊದಲ ಫ್ರೆಟ್‌ನ ಅಗಲ 48 ಮಿ.ಮೀ.ಗೂ ಮೇಲೆ. ನಾಲ್ಕು ಬೆರಳನ್ನು ನಾಲ್ಕು ಫ್ರೆಟ್‌ಗೆ ಚಾಚುವುದು ಐದನೇ ಫ್ರೆಟ್ ದಾಟಿದ ಮೇಲೆ ಸರಿ, ಕೆಳಗೆ ಬೇಡ. ಅಲ್ಲಿ ತೋರುಬೆರಳು, ಮಧ್ಯದ ಬೆರಳು, ಕಿರುಬೆರಳು ಮೂರರಲ್ಲಿ ಮೂರು ಫ್ರೆಟ್ ಹಿಡಿಯಿರಿ, ಉಂಗುರದ ಬೆರಳು ಕಿರುಬೆರಳಿಗೆ ಆಸರೆ. ಬಲಗೈಯ ಹೆಬ್ಬೆರಳನ್ನು ಪಿಕಪ್ ಮೇಲೆ ಊರಿ, ತೆಳು ತಂತಿಗೆ ಹೋದಾಗ ಇ ತಂತಿಯ ಮೇಲೆ ಇಳಿಸಿದರೆ ಅದು ತಾನಾಗಿ ಮೊರೆಯುವುದು ನಿಲ್ಲುತ್ತದೆ. ಜೋರು ಬೇಕಾದರೆ ಆಂಪ್ ಏರಿಸಿ, ಬೆರಳನ್ನಲ್ಲ.

ವೇದಿಕೆಯಲ್ಲಿ ಈ ಬೇಸ್‌ನ ದೊಡ್ಡ ಗುಣ ಪಿಕಪ್. 1957ರಿಂದ ಪಿ ಬೇಸ್‌ಗೆ ಬಂದ ಎರಡು ತುಂಡಿನ ವಿನ್ಯಾಸದಲ್ಲಿ ಎರಡು ಕಾಯಿಲ್‌ಗಳು ಹೊರಗಿನ ಗುಂಗನ್ನು (ವಿದ್ಯುತ್ ಲೈನಿನ ಗುಂಯ್ ಸದ್ದು) ಪರಸ್ಪರ ಅಳಿಸುತ್ತವೆ. ಸೀರಿಯಲ್ ಸೆಟ್, ಡಿಮ್ಮರ್, ಜನರೇಟರ್ ಇರುವ ಪೆಂಡಾಲಿನಲ್ಲಿ ಇದರ ಬೆಲೆ ತಿಳಿಯುತ್ತದೆ. ಫೆಂಡರ್‌ನದೇ ಎರಡು ಪಿಕಪ್‌ನ ಜಾಝ್ ಬೇಸ್‌ನಲ್ಲಿ ಒಂದೇ ಪಿಕಪ್ ತೆರೆದರೆ ಅದೇ ಜಾಗದಲ್ಲಿ ಹಾಡಿಗಿಂತ ಗುಂಗೇ ಮುಂದೆ. ಸೌಂಡ್‌ನವರಿಗೆ ಡಿಐ ಬಾಕ್ಸ್ (ಬೇಸ್‌ನ ಸದ್ದನ್ನು ಮಿಕ್ಸರ್‌ಗೆ ಹೊಂದುವಂತೆ ಮಾಡುವ ಪೆಟ್ಟಿಗೆ) ಮೂಲಕ ಲೈನ್ ಕೊಟ್ಟು ಮಿಕ್ಸರ್‌ನಲ್ಲಿ 40 ಹರ್ಟ್ಸ್ ಕೆಳಗೆ ಕತ್ತರಿಸಿ, 250ರ ಆಸುಪಾಸು ಸ್ವಲ್ಪ ಇಳಿಸಿ, 700-800ರಲ್ಲಿ ತುಸು ಏರಿಸಲು ಹೇಳಿ. ಇ ತಂತಿಯ ಮೂಲ ಕಂಪನ 41 ಹರ್ಟ್ಸ್. ಸಣ್ಣ ಬಾಕ್ಸ್‌ಗಳಲ್ಲಿ ಅದು ಬರುವುದೇ ಇಲ್ಲ. ಕಿವಿ ಸ್ವರ ಗುರುತಿಸುವುದು ಮೇಲಿನ 82, 123ರ ಅನುಸ್ವರಗಳಿಂದ. ಹಾಗಾಗಿ ಲೋ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರೆ ಬಾಕ್ಸ್ ನರಳುತ್ತದೆಯೇ ಹೊರತು ಬೇಸ್ ಕೇಳುವುದಿಲ್ಲ.

ಅರ್ಥಿಂಗ್ ವಿಷಯದಲ್ಲಿ ಉದಾಸೀನ ಬೇಡ. ಬೇಸ್‌ನ ತಂತಿಗಳು ಬ್ರಿಡ್ಜ್ ಮೂಲಕ ಆಂಪ್‌ನ ಅರ್ಥ್‌ಗೆ ಸೇರಿರುತ್ತವೆ. ಆಂಪ್ ಒಂದು ಲೈನಿನಲ್ಲಿ, ಮೈಕ್ ಇನ್ನೊಂದರಲ್ಲಿ ಇದ್ದು ಅರ್ಥ್ ಸರಿಯಿಲ್ಲದಿದ್ದರೆ, ತಂತಿ ಹಿಡಿದು ಮೈಕ್‌ಗೆ ತುಟಿ ತಗಲಿಸಿದಾಗ ಹೊಡೆಯುತ್ತದೆ. ಮುಂಚೆಯೇ ಮೈಕ್ ಜಾಲರಿಗೂ ಆಂಪ್‌ನ ಲೋಹದ ಭಾಗಕ್ಕೂ ಟೆಸ್ಟರ್ ಇಟ್ಟು ನೋಡಿ. ದೀಪ ಹತ್ತಿದರೆ ಎಲೆಕ್ಟ್ರಿಷಿಯನ್ ಬಂದು ಸರಿಮಾಡುವವರೆಗೆ ನುಡಿಸಬೇಡಿ. ಗುಂಗು ಬಂತೆಂದು ಪ್ಲಗ್‌ನ ಅರ್ಥ್ ಪಿನ್ ಕೀಳುವುದು ಆತ್ಮಹತ್ಯೆ. ಡಿಐ ಬಾಕ್ಸ್‌ನಲ್ಲಿ ಗ್ರೌಂಡ್ ಲಿಫ್ಟ್ ಗುಂಡಿ ಇರುವುದೇ ಆ ಗುಂಗಿಗೆ.

ಕೆಟ್ಟದ್ದೇನು? ಕೇಬಲ್ ಚುಚ್ಚುವ ಜ್ಯಾಕ್‌ನ ಬಿಗಿಯುವ ನಟ್ ಆರು ತಿಂಗಳಲ್ಲಿ ಸಡಿಲಾಗಿ, ಜ್ಯಾಕ್ ಸುತ್ತಿ ಸುತ್ತಿ ಒಳಗಿನ ವೈರ್ ಕಿತ್ತುಹೋಯಿತು. ಬೆಸುಗೆ ಹಾಕಿ ಹಲ್ಲಿನ ವಾಷರ್ ಹಾಕಿದ ಮೇಲೆ ಗಟ್ಟಿ. ಕೇಬಲನ್ನು ಬೆಲ್ಟಿನ ಸಂದಿಯಿಂದ ತೂರಿಸಿ ಚುಚ್ಚಿದರೆ ಯಾರೋ ಎಡವಿದರೂ ಜ್ಯಾಕ್‌ಗೆ ಎಳೆತ ಬೀಳುವುದಿಲ್ಲ. ಬಾಸ್‌ವುಡ್ ಮೆದು ಮರ, ಬೆಲ್ಟ್ ಗುಂಡಿಯ ಸ್ಕ್ರೂ ತೂತು ಅಗಲವಾಯಿತು: ಎರಡು ಬೆಂಕಿಕಡ್ಡಿ, ಫೆವಿಕಾಲ್, ಒಂದು ರಾತ್ರಿ, ಮತ್ತೆ ಸ್ಕ್ರೂ. ಟೋನ್ ಗುಂಡಿ ಧೂಳಿಗೆ ಕರಕರ ಅಂತು, ಕಾಂಟ್ಯಾಕ್ಟ್ ಕ್ಲೀನರ್ ಒಂದು ಚಿಮುಕು ಹೊಡೆದು ಇಪ್ಪತ್ತು ಸಲ ತಿರುಗಿಸಿದಾಗ ಸುಮ್ಮನಾಯಿತು. ಸ್ಯಾಡಲ್ ಸ್ಕ್ರೂಗಳಿಗೆ ಬೆವರಿನ ತುಕ್ಕು ಹಿಡಿಯುತ್ತದೆ, ವರ್ಷಕ್ಕೊಮ್ಮೆ ಒಂದು ಹನಿ ಮೆಷಿನ್ ಎಣ್ಣೆ ಬಿಡಿ. ಕ್ಲಿಪ್ ಟ್ಯೂನರ್ ಇ ತಂತಿಯನ್ನು ತಡವರಿಸಿ ಓದಿದರೆ ಹನ್ನೆರಡನೇ ಫ್ರೆಟ್‌ನ ಹಾರ್ಮೋನಿಕ್ ಮೀಟಿ, ಆಗ ಸರಿ ಓದುತ್ತದೆ.

ಯಾರಿಗೆ ಬೇಡ? ಅಮೆರಿಕದ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್‌ನ ಹಾಡುವಂಥ ಫ್ರೆಟ್‌ಲೆಸ್ (ಫ್ರೆಟ್ ಇಲ್ಲದ ಬೇಸ್‌ನ) ನಾದ ಇದರಲ್ಲಿ ಬರುವುದಿಲ್ಲ. ಅದು ಜಾಝ್ ಬೇಸ್‌ನ ಬ್ರಿಡ್ಜ್ ಪಿಕಪ್‌ನ ಮಾತು. ಬೇಸ್ ವಾದಕಿ ಮೋಹಿನಿ ಡೇ ಅವರ ಸ್ಲ್ಯಾಪ್ (ಹೆಬ್ಬೆರಳಲ್ಲಿ ತಂತಿ ಬಡಿಯುವ ಶೈಲಿ) ಕೇಳಿ ಬೇಸ್ ಕೈಗೆತ್ತಿಕೊಂಡವರಿಗೆ ಫ್ಲಾಟ್ ತಂತಿಯ ಪಿ ಬೇಸ್ ಮೊಂಡು ಅನಿಸುತ್ತದೆ. ಇಳಯರಾಜ ಸಂಗೀತದ ಗೀತಾ (1981), ಪಲ್ಲವಿ ಅನುಪಲ್ಲವಿ (1983) ಚಿತ್ರಗಳ ಹಾಡುಗಳಲ್ಲಿ ಬೇಸ್ ಹಾಡಿನ ಜೊತೆ ತನ್ನದೇ ಎರಡನೇ ರಾಗ ಹೇಳುತ್ತ ಹೋಗುತ್ತದೆ. ಅದನ್ನು ಇದರಲ್ಲಿ ಧಾರಾಳ ನುಡಿಸಬಹುದು, ಟೋನ್ ಗುಂಡಿ ಮುಕ್ಕಾಲು ತೆರೆದು, ಕೈ ಬ್ರಿಡ್ಜ್ ಕಡೆ ಸರಿಸಿ. ಆದರೆ ಆ ನಡೆಗಳು ಆ ಹಾಡಿನ ಸೊತ್ತು. ಅವನ್ನೇ ಕಿತ್ತು ತಂದು ಜಾನಪದ ಗೀತೆಯ ಚರಣಕ್ಕೆ ಅಂಟಿಸುವ ಚಟ ನಮ್ಮ ಕಡೆ ಜಾಸ್ತಿ.

ಹಳೆಯದನ್ನು ಕೊಳ್ಳುವುದಾದರೆ ಮೂರು ನೋಡಿ: ಟ್ರಸ್ ರಾಡ್ ಎರಡೂ ಕಡೆ ತಿರುಗುತ್ತದೆಯೇ, ಹಿಂದಿನಿಂದ ನೋಡಿದಾಗ ನೆಕ್ ತಿರುಚಿಕೊಂಡಿದೆಯೇ, ಜಿ ತಂತಿಯಲ್ಲಿ ಹನ್ನೆರಡರಿಂದ ಇಪ್ಪತ್ತರವರೆಗೆ ಒಂದೊಂದೇ ಫ್ರೆಟ್ ಒತ್ತಿದಾಗ ಎಲ್ಲಾದರೂ ಸ್ವರ ಸಾಯುತ್ತದೆಯೇ. ತಿರುಚಿದ ನೆಕ್ ಅರ್ಧ ಬೆಲೆಗೆ ಸಿಕ್ಕರೂ ಬೇಡ, ನೆಕ್ ಬದಲಿಸಲು ಉಳಿದರ್ಧ ಹೋಗುತ್ತದೆ.