ಕ್ವಾಡ್‌ಗೆ ಟೂ-ಸ್ಟ್ರೋಕ್: 500 ಹಾಕಿ ಕಿತ್ತೆ, 250 ಉಳಿಯಿತು

ನನ್ನ ಕ್ವಾಡ್‌ನಲ್ಲಿ, ಅಂದರೆ ಕಚ್ಚಾ ದಾರಿಯ ನಾಲ್ಕು ಚಕ್ರದ ಬೈಕಿನಲ್ಲಿ, ಈಗ ಕೂತಿರುವುದು ಯಮಹಾ ವೈಝಡ್250 ಡರ್ಟ್ ಬೈಕಿನ ಎಂಜಿನ್. ಅದಕ್ಕೂ ಮುಂಚೆ ಕೆಲವು ತಿಂಗಳು ಹೋಂಡಾ ಸಿಆರ್500ಆರ್ ಎಂಜಿನ್ ಇತ್ತು. ಯಾವುದು ಇಷ್ಟ ಅಂತ ಬೇರೆ ಹೇಳಬೇಕಾ? ಆದರೂ 500ರ ಆಸೆ ಹೊತ್ತು ಕೂತವರು ಎಷ್ಟೋ ಜನ ಇದ್ದಾರೆ. ನಾನೂ ಹಾಗೇ ಇದ್ದವನು.

ಎಳೆತದ ವಿಷಯದಲ್ಲಿ ಸುಳ್ಳು ಹೇಳಬಾರದು. 491 ಸಿಸಿ, ಒಂದೇ ಸಿಲಿಂಡರ್. ಯಾವ ಗೇರಿನಲ್ಲಿದ್ದರೂ ಕೇಳದೆ ಎಳೆಯುತ್ತದೆ. ಮರಳು ದಿಬ್ಬ ಹತ್ತುವುದೇ ನಿಮ್ಮ ಕೆಲಸವಾದರೆ ಅದನ್ನೇ ಹಾಕಿ, ಮುಂದೆ ಓದಬೇಡಿ. 250ಕ್ಕೆ ಪವರ್ ವಾಲ್ವ್ ಇದೆ (ಕಡಿಮೆ ವೇಗದಲ್ಲೂ ಎಳೆತ ಸಿಗಲಿ ಅಂತ ಎಕ್ಸಾಸ್ಟ್ ದಾರಿಯಲ್ಲಿರುವ ಕವಾಟ), ಆದರೂ ಆಕ್ಸಲರೇಟರ್ ತಿರುಗಿಸಿ ಎಂಜಿನನ್ನು ಕೂಗಿಸಲೇಬೇಕು. ಕ್ಲಚ್ ಮೇಲೆ ಒಂದು ಬೆರಳು ಸದಾ ಇರಬೇಕು.

ನನಗೆ ಕಾಟ ಕೊಟ್ಟಿದ್ದು ಚೈನ್.

ಡರ್ಟ್ ಬೈಕಿನಲ್ಲಿ ಸ್ವಿಂಗ್‌ಆರ್ಮ್‌ನ (ಹಿಂದಿನ ಚಕ್ರ ಹಿಡಿದು ಮೇಲೆ ಕೆಳಗೆ ಆಡುವ ತೋಳು) ಬೋಲ್ಟ್ ಎಂಜಿನ್ ಕೇಸಿನ ಹಿಂಬದಿಯಲ್ಲೇ ತೂರಿ ಹೋಗುತ್ತದೆ. ಹಾಗಾಗಿ ಮುಂದಿನ ಸ್ಪ್ರಾಕೆಟ್, ಅಂದರೆ ಚೈನ್ ಎಳೆಯುವ ಹಲ್ಲುಚಕ್ರ, ಆ ಬೋಲ್ಟಿನ ಪಕ್ಕದಲ್ಲೇ ಇರುತ್ತದೆ. ನನ್ನ ಕ್ವಾಡ್‌ನ ಫ್ರೇಮಿನಲ್ಲಿ 500 ಅಷ್ಟು ಹಿಂದಕ್ಕೆ ಹೋಗಲಿಲ್ಲ. ಕಾರ್ಬುರೇಟರ್ ಹಿಂದಿನ ಶಾಕ್ ಅಬ್ಸಾರ್ಬರಿಗೆ ತಾಗುತ್ತಿತ್ತು. ಸರಿ, ಎಂಜಿನನ್ನು ನಾಲ್ಕು ಬೆರಳು ಮುಂದಕ್ಕೆ ತಳ್ಳಿ ಬ್ರಾಕೆಟ್ ವೆಲ್ಡ್ ಮಾಡಿಬಿಟ್ಟೆ. ಸ್ಟ್ಯಾಂಡ್ ಮೇಲೆ ಚೈನ್ ಲೂಸ್ ನೋಡಿದೆ, ಸರಿಯಾಗಿತ್ತು. ಗಾಡಿ ಕೆಳಗಿಳಿಸಿ ಹತ್ತಿ ಕೂತೆ. ಚೈನ್ ತಂಬೂರಿ ತಂತಿಯ ಹಾಗೆ ಬಿಗಿದು ನಿಂತಿತು!

ಕಾರಣ ಸರಳ. ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮ್ ಬೋಲ್ಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿಯಾಗುತ್ತದೆ. ಸ್ಪ್ರಾಕೆಟ್ ಆ ಬೋಲ್ಟಿನಿಂದ ದೂರ ಹೋದಷ್ಟೂ ಈ ಏರುಪೇರು ಜಾಸ್ತಿ. ಟೈಟ್ ಇಟ್ಟರೆ ಗೇರ್‌ಬಾಕ್ಸಿನ ಬೇರಿಂಗ್ ಹೋಗುತ್ತದೆ. ಲೂಸ್ ಬಿಟ್ಟರೆ ಹಾರಿದಾಗ ಚೈನ್ ಕಳಚುತ್ತದೆ. ನಾನು ಲೂಸ್ ಬಿಟ್ಟೆ. ಕಳಚಿದ ಚೈನ್ ಮುಂದಿನ ಸ್ಪ್ರಾಕೆಟ್ಟಿಗೆ ಸುತ್ತಿಕೊಂಡು ಕೇಸ್ ಬಿರುಕು ಬಿಟ್ಟಿತು. ತಪ್ಪು ಎಂಜಿನ್‌ದಲ್ಲ ಬಿಡಿ, ಪೂರ್ತಿ ನನ್ನದೇ.

250 ಹಾಕುವಾಗ ಬುದ್ಧಿ ಬಂದಿತ್ತು. ಮೊದಲು ಬ್ರಾಕೆಟ್‌ಗಳಿಗೆ ಬರೀ ಟ್ಯಾಕ್, ಅಂದರೆ ತಾತ್ಕಾಲಿಕ ಚುಕ್ಕೆ ವೆಲ್ಡ್, ಹಾಕಿದೆ. ಶಾಕ್ ಬಿಚ್ಚಿ, ಸ್ವಿಂಗ್‌ಆರ್ಮ್ ಕೈಯಲ್ಲಿ ಮೇಲೆ ಕೆಳಗೆ ಆಡಿಸಿದೆ. ಚೈನ್ ಎಲ್ಲಿ ಅತಿ ಬಿಗಿಯಾಗುತ್ತದೋ ಅಲ್ಲೇ ನಿಲ್ಲಿಸಿ ಲೂಸ್ ಇಟ್ಟೆ. ಎರಡೂ ಸ್ಪ್ರಾಕೆಟ್ ಒಂದೇ ಸಾಲಿನಲ್ಲಿವೆಯಾ ಅಂತ ಉದ್ದದ ಪಟ್ಟಿ ಇಟ್ಟು ನೋಡಿದೆ. ಆಮೇಲೇ ಪೂರ್ತಿ ವೆಲ್ಡ್. ಎಂಜಿನ್ ಚಿಕ್ಕದಾದ್ದರಿಂದ ಎರಡು ಬೆರಳಿನ ಅಂತರಕ್ಕೇ ಕೂತಿತು.

ಕಿಕ್ ಹೊಡೆಯುವ ಸುಖವೂ ಬೇರೆ. 500ಕ್ಕೆ ಅರೆಮನಸ್ಸಿನಿಂದ ಕಿಕ್ ಹೊಡೆದರೆ ಅದು ತಿರುಗಿ ಒದೆಯುತ್ತದೆ. ಕ್ವಾಡ್‌ನಲ್ಲಿ ಮಡ್‌ಗಾರ್ಡ್ ಬೇರೆ ಕಾಲಿಗೆ ಅಡ್ಡ. 250 ಚಪ್ಪಲಿ ಹಾಕಿಕೊಂಡೇ ಸ್ಟಾರ್ಟ್ ಆಗುತ್ತದೆ. (ಹಾಗೆ ಮಾಡಬೇಡಿ.)

ರೇಡಿಯೇಟರ್ ಎರಡಕ್ಕೂ ಹೊಸದಾಗಿ ಕೂರಿಸಬೇಕು. ರಿವರ್ಸ್ ಎರಡಕ್ಕೂ ಇಲ್ಲ, ಇಳಿದು ತಳ್ಳಿ. ಇಂಥ ಮೋಟೋಕ್ರಾಸ್ (ಮಣ್ಣಿನ ರೇಸಿನ) ಎಂಜಿನ್‌ಗಳಲ್ಲಿ ಹೆಡ್‌ಲೈಟಿಗೆ ಕರೆಂಟ್ ಕೊಡುವ ಕಾಯಿಲ್ ಇರುವುದಿಲ್ಲ, ಕತ್ತಲಾಗುವ ಮುಂಚೆ ಮನೆ ಸೇರುವುದು ಒಳ್ಳೆಯದು.

ನಾನು ಮರಗಳ ನಡುವಿನ ಇಕ್ಕಟ್ಟು ದಾರಿಯಲ್ಲಿ ಓಡಿಸುವವನು. ಅಲ್ಲಿ 500ರ ಅರ್ಧ ಪವರ್ ಸುಮ್ನೆ ಹೊತ್ತುಕೊಂಡು ತಿರುಗಿದಂತೆ. ಪಿಸ್ಟನ್ನು ರಿಂಗು ನಾನೇ ಬದಲಿಸುತ್ತೇನೆ, ಹಾಗಾಗಿ ಬಿಡಿಭಾಗ ಕೈಗೆ ಸಿಗಬೇಕು. ಸಿಆರ್500ಆರ್ ತಯಾರಿಕೆ 2001ಕ್ಕೇ ನಿಂತಿತು. ವೈಝಡ್250 ಅದಾಗಿ ಎಷ್ಟೋ ವರ್ಷ ಬರುತ್ತಲೇ ಇತ್ತು, ಅದರ ಸಾಮಾನು ಹುಡುಕಿ ಅಲೆಯಬೇಕಿಲ್ಲ.

500ರ ಕೇಸಿಗೆ ವೆಲ್ಡ್ ಹಾಕಿಸಿ, ಬಿರುಕಿನ ಕಥೆ ಪೂರ್ತಿ ಹೇಳಿಯೇ ಮಾರಿದೆ. ಆ ದುಡ್ಡಿನಲ್ಲಿ 250 ಬಂತು, ರೇಡಿಯೇಟರ್ ಬಂತು, ಒಂದಿಷ್ಟು ಮಿಕ್ಕಿತು. ಮಿಕ್ಕಿದ್ದು ಹೊಸ ಚೈನಿಗೆ ಹೋಯಿತು.